ಹಳೆಯ ಬಸ್ಸಿನ ಸದ್ದು: ಮೆಚ್ಚಿದರೆ ಸಾಲದು, ಕೇಳಲೂ ಬೇಕು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿಯ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಬಸ್ಸಿನ ನಂಟು ಬಹಳ ಹಳೆಯದು. ದಶಕಗಳ ಕಾಲ ಈ ಭಾಗದ ಜನ ರೈಲಿನ ಕೂಗನ್ನು ಕೇಳಿದ್ದು ತುಮಕೂರಿಗೆ ಹೋದಾಗ ಮಾತ್ರ. ಊರಿನಲ್ಲಿ ಕೇಳುತ್ತಿದ್ದುದು ಬಸ್ಸಿನ ಸದ್ದು. ಅದೇ ಗಡಿಯಾರ, ಅದೇ ಶಾಲೆಯ ಮೊದಲ ಗಂಟೆ. ಹೈಸ್ಕೂಲು ಹೋಬಳಿ ಕೇಂದ್ರದಲ್ಲಿ, ಮನೆ ಹಳ್ಳಿಯಲ್ಲಿ. ನಡುವೆ ಪಾಸು ತೋರಿಸಿ ಫುಟ್‌ಬೋರ್ಡಿನ ಹತ್ತಿರ ನಿಂತು ಪ್ರಯಾಣ. 'ಶಾಲಾ ಬಸ್ಸು' ಎಂಬ ಹಳದಿ ಬಣ್ಣದ ವಾಹನ ಇತ್ತ ಬಂದದ್ದು ಬಹಳ ತಡವಾಗಿ. ಅಲ್ಲಿಯವರೆಗೆ ನಮ್ಮ ಮಕ್ಕಳಿಗೆ ಕೆಂಪು ಬಸ್ಸು ಮತ್ತು ಪ್ರೈವೇಟ್ ಬಸ್ಸುಗಳೇ ಶಾಲಾ ಬಸ್ಸುಗಳು.

ಈಗ ಆ ಹಳೆಯ ಬಸ್ಸುಗಳ ಸದ್ದನ್ನು ಪ್ರೀತಿಸುವ ಹವ್ಯಾಸಿಗಳ ಒಂದು ಬಳಗವೇ ಬೆಳೆದಿದೆ. ಹೆಚ್ಚಿನವರು ಯುವಕರು, ಕಾಲೇಜು ವಿದ್ಯಾರ್ಥಿಗಳು. ಬಸ್ ನಿಲ್ದಾಣದಲ್ಲಿ ಮೊಬೈಲ್ ಹಿಡಿದು ಇಂಜಿನ್ ಶುರುವಾಗುವುದನ್ನು, ಗೇರ್ ಬದಲಾಗುವುದನ್ನು, ಬ್ರೇಕಿನ ಗಾಳಿ ಹೊರಬೀಳುವುದನ್ನು ಧ್ವನಿಮುದ್ರಿಸಿಕೊಳ್ಳುತ್ತಾರೆ. ನನ್ನ ಒಬ್ಬ ವಿದ್ಯಾರ್ಥಿಯ ಫೋನಿನಲ್ಲಿ ಇಂಥ ನೂರಕ್ಕೂ ಹೆಚ್ಚು ತುಣುಕುಗಳಿವೆ. "ಸಾರ್, ಇದು ಲೇಲ್ಯಾಂಡು, ಇದು ಟಾಟಾ. ಕಣ್ಣು ಮುಚ್ಚಿಕೊಂಡು ಹೇಳ್ತೀನಿ" ಎಂದು ಪಣ ಕಟ್ಟಿ ಗೆದ್ದ. "ಈಗಿನ ಬಸ್ಸಿನಲ್ಲಿ ಆ ದಮ್ಮು ಇಲ್ಲ ಸಾರ್" ಎಂದೂ ಸೇರಿಸಿದ.

ಅವನ ಮೊದಲ ಮಾತನ್ನು ನಾನು ಒಪ್ಪಿದೆ. ಎರಡನೆಯದನ್ನು ಒಪ್ಪಲಿಲ್ಲ. ಈ ಹವ್ಯಾಸದಲ್ಲಿ ಮೆಚ್ಚಬೇಕಾದದ್ದು ಯಾವುದು, ತಿದ್ದಬೇಕಾದದ್ದು ಯಾವುದು ಎಂಬುದನ್ನು ವಿಜ್ಞಾನದ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ.

ಸದ್ದಿನೊಳಗೆ ಏನೇನಿದೆ?

'ಬಸ್ಸಿನ ಸದ್ದು' ಎಂದು ಒಂದೇ ಮಾತಿನಲ್ಲಿ ಹೇಳುತ್ತೇವೆ. ನಿಜವಾಗಿ ಅದು ಹತ್ತಾರು ಸದ್ದುಗಳ ಮೇಳ.

ಮೊದಲನೆಯದು ಇಂಜಿನ್ನಿನ ಗುಡುಗುಡು. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೆ ಒಮ್ಮೆ ಇಂಧನವನ್ನು ದಹಿಸುತ್ತದೆ. ಆರು ಸಿಲಿಂಡರಿನ ಇಂಜಿನ್ನಾದರೆ ಒಂದು ಸುತ್ತಿಗೆ ಮೂರು ದಹನಗಳು. ನಿಂತ ಬಸ್ಸಿನ ಇಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಅಂದರೆ ಸೆಕೆಂಡಿಗೆ 10 ಸುತ್ತು, 30 ದಹನ. ಆವೃತ್ತಿ 30 ಹರ್ಟ್ಸ್. ಮನುಷ್ಯನ ಕಿವಿಗೆ ಕೇಳುವ ಕೆಳಗಿನ ಮಿತಿ ಸುಮಾರು 20 ಹರ್ಟ್ಸ್. ನಿಂತ ಬಸ್ಸಿನ ಸದ್ದು ಕಿವಿಗಿಂತ ಎದೆಗೆ ಹೆಚ್ಚು ತಾಗುವಂತೆ ಅನಿಸುವುದು ಇದಕ್ಕೇ. ಅದೇ ಇಂಜಿನ್ ನಿಮಿಷಕ್ಕೆ 2400 ಸುತ್ತಿಗೆ ಏರಿದರೆ ಆವೃತ್ತಿ 120 ಹರ್ಟ್ಸ್ ಆಗುತ್ತದೆ. ನಾಲ್ಕು ಸಿಲಿಂಡರಿನ ಸಣ್ಣ ಬಸ್ಸಿನಲ್ಲಿ ಇದೇ ವೇಗಕ್ಕೆ 80 ಹರ್ಟ್ಸ್. ನನ್ನ ವಿದ್ಯಾರ್ಥಿಯ ಕಿವಿ ಗುರುತು ಹಿಡಿಯುವ ವ್ಯತ್ಯಾಸಗಳಲ್ಲಿ ಇದೂ ಒಂದು.

ಎರಡನೆಯದು ಡೀಸೆಲ್ಲಿನ ಕಟಕಟ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಒತ್ತಿ ಬಿಸಿಯಾದ ಗಾಳಿಗೆ ಇಂಧನ ಚಿಮ್ಮುತ್ತದೆ, ತಾನಾಗಿ ಹೊತ್ತಿಕೊಳ್ಳುತ್ತದೆ. ಚಿಮ್ಮಿದ ಕ್ಷಣಕ್ಕೂ ಹೊತ್ತಿದ ಕ್ಷಣಕ್ಕೂ ನಡುವೆ ಒಂದು ಪುಟ್ಟ ವಿಳಂಬ ಇರುತ್ತದೆ. ಆ ಹೊತ್ತಿನಲ್ಲಿ ಶೇಖರವಾದ ಇಂಧನವೆಲ್ಲ ಒಮ್ಮೆಗೇ ಉರಿದು ಒತ್ತಡ ಥಟ್ಟನೆ ಏರುತ್ತದೆ. ಆ ಏರಿಕೆ ಇಂಜಿನ್ನಿನ ಕಬ್ಬಿಣದ ಗೋಡೆಗೆ ಸುತ್ತಿಗೆಯ ಏಟಿನಂತೆ ಬೀಳುತ್ತದೆ. ಚಳಿಗಾಲದ ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ವಿಳಂಬ ಹೆಚ್ಚು, ಕಟಕಟವೂ ಹೆಚ್ಚು. ಹತ್ತು ನಿಮಿಷ ಓಡಿದ ಮೇಲೆ ತಗ್ಗುತ್ತದೆ. ಇದನ್ನು ಬಸ್ಸಿನಲ್ಲಿ ಓಡಾಡಿದ ಎಲ್ಲರೂ ಕೇಳಿದ್ದಾರೆ. ಕಾರಣ ಕೇಳಿದವರು ಕಡಿಮೆ.

ಮೂರನೆಯದು ಗೇರಿನ ಊಳು. ಎರಡು ಹಲ್ಲುಚಕ್ರಗಳು ಕಚ್ಚಿಕೊಂಡು ತಿರುಗುವಾಗ ಪ್ರತಿ ಹಲ್ಲೂ ಒಂದು ಸಣ್ಣ ತಟ್ಟು ಕೊಡುತ್ತದೆ. 20 ಹಲ್ಲಿನ ಚಕ್ರ ಸೆಕೆಂಡಿಗೆ 30 ಸುತ್ತು ತಿರುಗಿದರೆ 600 ತಟ್ಟು, ಅಂದರೆ 600 ಹರ್ಟ್ಸ್. ಹಲ್ಲುಗಳು ನೇರವಾಗಿದ್ದರೆ ಇಡೀ ಹಲ್ಲು ಒಮ್ಮೆಗೇ ತಾಗುತ್ತದೆ, ಸದ್ದು ಜೋರು. ಓರೆಯಾಗಿದ್ದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯುತ್ತಾ ತಾಗುತ್ತದೆ, ಸದ್ದು ಮೆತ್ತಗೆ. ಹಳೆಯ ಗೇರ್ ಪೆಟ್ಟಿಗೆಗಳಲ್ಲಿ ಮೊದಲನೆಯ ಗೇರು ಮತ್ತು ರಿವರ್ಸ್ ಗೇರಿಗೆ ಸಾಮಾನ್ಯವಾಗಿ ನೇರ ಹಲ್ಲುಗಳಿರುತ್ತಿದ್ದವು. ಬಸ್ಸು ನಿಲ್ದಾಣ ಬಿಟ್ಟು ಹೊರಡುವಾಗ ಏರುತ್ತಾ ಹೋಗುವ ಆ 'ಊಂ' ಎಂಬ ಸ್ವರದ ಗುಟ್ಟು ಇದು.

ನಾಲ್ಕನೆಯದು ಬ್ರೇಕಿನ 'ಚುಸ್'. ತೊಟ್ಟಿಯಲ್ಲಿ ಒತ್ತಿಟ್ಟ ಗಾಳಿ ಸಣ್ಣ ಕಂಡಿಯಿಂದ ಹೊರಗೆ ನುಗ್ಗುವಾಗ ಹರಿವು ಪ್ರಕ್ಷುಬ್ಧವಾಗುತ್ತದೆ. ಅದರಲ್ಲಿ ಒಂದು ನಿಶ್ಚಿತ ಸ್ವರ ಇರುವುದಿಲ್ಲ. ಹೆಚ್ಚು ಆವೃತ್ತಿಯ ಸದ್ದುಗಳೆಲ್ಲ ಕಲಸಿಕೊಂಡಿರುತ್ತವೆ. ಟರ್ಬೊ ಇದ್ದ ಬಸ್ಸಿನಲ್ಲಿ ಇದರ ಜೊತೆಗೆ ಒಂದು ಸಿಳ್ಳೂ ಇರುತ್ತದೆ. ಟರ್ಬೊದ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗಬಲ್ಲದು. ಸೆಕೆಂಡಿಗೆ ಲೆಕ್ಕ ಹಾಕಿದರೆ ಸುಮಾರು 1670 ಹರ್ಟ್ಸ್. ಇದು ಕೊಳಲಿನ ಸ್ವರಗಳ ವ್ಯಾಪ್ತಿಯಲ್ಲಿ ಬರುವ ಆವೃತ್ತಿ.

ಇನ್ನು ಕಿಟಕಿಯ ಗಾಜುಗಳು. ಬಸ್ಸು ನಿಂತಾಗ ಗಡಗಡ ನಡುಗುವ ಗಾಜು, ಡ್ರೈವರು ವೇಗ ಹೆಚ್ಚಿಸಿದ ಕೂಡಲೇ ಸುಮ್ಮನಾಗುತ್ತದೆ. ಗಾಜು, ತಗಡು, ಸೀಟಿನ ಕಂಬಿ ಎಲ್ಲಕ್ಕೂ ಒಂದೊಂದು ಸಹಜ ಆವೃತ್ತಿ ಇದೆ. ಇಂಜಿನ್ನಿನ ಕಂಪನ ಅದಕ್ಕೆ ಹೊಂದಿದಾಗ ಅನುರಣನೆ, ತಪ್ಪಿದಾಗ ಮೌನ. ಶ್ರುತಿಕವೆಯಿಂದ ಅನುರಣನೆಯನ್ನು ತೋರಿಸಲು ಕಷ್ಟಪಡುವ ಶಿಕ್ಷಕರು ಒಮ್ಮೆ ಈ ಗಾಜಿನ ಮಾತು ಎತ್ತಿ ನೋಡಿ. ತರಗತಿಯ ಅರ್ಧ ಜನ ಕೈ ಎತ್ತುತ್ತಾರೆ.

ಹವ್ಯಾಸಿಗಳ ಕಿವಿ ಕಡಿಮೆಯದಲ್ಲ

ಇಷ್ಟು ಸದ್ದುಗಳನ್ನು ಬೇರ್ಪಡಿಸಿ ಕೇಳುವ ಕಿವಿ ಪಳಗಿದ ಕಿವಿಯೇ ಸರಿ. ಅದನ್ನು ಹುಚ್ಚು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೆಕ್ಯಾನಿಕ್ಕುಗಳು ಮಾಡುವುದೂ ಇದನ್ನೇ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರದ ಮೂಳೆಗೆ ತಾಗಿಸಿ ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಾರೆ. ಘನ ವಸ್ತುವಿನಲ್ಲಿ ಧ್ವನಿ ಚೆನ್ನಾಗಿ ಸಾಗುತ್ತದೆ ಎಂಬ ಪಾಠವನ್ನು ಅವರು ಪುಸ್ತಕವಿಲ್ಲದೆ ಕಲಿತಿದ್ದಾರೆ.

ಹಳೆಯ ಡ್ರೈವರುಗಳ ಗೇರ್ ಬದಲಾವಣೆಯೂ ಕಿವಿಯ ಕೆಲಸ. ಏರಿನಲ್ಲಿ ಕೆಳಗಿನ ಗೇರಿಗೆ ಬರಬೇಕಾದರೆ ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರನ್ನು ಒಮ್ಮೆ ತುಳಿದು, ಮತ್ತೆ ಕ್ಲಚ್ ಒತ್ತಿ ಗೇರಿಗೆ ಹಾಕುತ್ತಿದ್ದರು. ನಡುವೆ ಕೇಳುತ್ತಿದ್ದ 'ವ್ರೂಂ' ಶೋಕಿಯದಲ್ಲ. ಕಚ್ಚಿಕೊಳ್ಳಬೇಕಾದ ಎರಡು ಚಕ್ರಗಳ ವೇಗವನ್ನು ಸಮ ಮಾಡುವ ಲೆಕ್ಕ ಅದು. ಲೆಕ್ಕ ತಪ್ಪಿದರೆ 'ಕರ್ರ್' ಎಂದು ಹಲ್ಲು ಕಡಿಯುತ್ತಿತ್ತು; ಹಿಂದಿನ ಸೀಟಿನವರೆಗೂ ಗೊತ್ತಾಗುತ್ತಿತ್ತು.

ಕನ್ನಡಕ್ಕೆ ಇಲ್ಲಿ ಒಂದು ಅನುಕೂಲವೂ ಇದೆ. ಗುಡುಗುಡು, ಕಟಕಟ, ದಡದಡ, ಗೊರಗೊರ, ಚುಸ್ - ಇಂಥ ಅನುಕರಣ ಪದಗಳು ನಮ್ಮಲ್ಲಿ ಹೇರಳ. ಗಮನಿಸಿ: ಕಡಿಮೆ ಆವೃತ್ತಿಯ ಸದ್ದಿಗೆ ಗ, ಡ, ದಗಳು, ಹೆಚ್ಚು ಆವೃತ್ತಿಯ ಸದ್ದಿಗೆ ಚ, ಸ, ಕಿಗಳು. ಹವ್ಯಾಸಿಗಳು ಈ ಪದಗಳನ್ನು ಖಚಿತವಾಗಿ ಬಳಸುತ್ತಾರೆ. ಅವರ ಕಿವಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಅವರು ಎಳೆಯುವ ತೀರ್ಮಾನಗಳ ಬಗ್ಗೆ.

ಮೂರು ತಪ್ಪು ತೀರ್ಮಾನಗಳು

ಮೊದಲನೆಯದು: 'ಸದ್ದು ಜೋರಾಗಿದ್ದರೆ ಇಂಜಿನ್ ಗಟ್ಟಿ.' ಇದನ್ನು ಲೆಕ್ಕ ಹಾಕಿಯೇ ನೋಡೋಣ. ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್ ಸದ್ದು ಮಾಡುವ ಇಂಜಿನ್ ಇದೆ ಎನ್ನೋಣ. ಇದು ಬಹಳ ಜೋರು ಸದ್ದು. 100 ಡೆಸಿಬೆಲ್ ಎಂದರೆ ಪ್ರತಿ ಚದರ ಮೀಟರಿಗೆ 0.01 ವಾಟ್. ಈ ಸದ್ದು ಒಂದು ಮೀಟರ್ ತ್ರಿಜ್ಯದ ಅರ್ಧಗೋಳದಲ್ಲಿ ಹರಡಿದರೆ ವಿಸ್ತೀರ್ಣ ಸುಮಾರು 6.28 ಚದರ ಮೀಟರ್. ಒಟ್ಟು ಧ್ವನಿಶಕ್ತಿ ಸುಮಾರು 0.06 ವಾಟ್. 110 ಅಶ್ವಶಕ್ತಿಯ ಇಂಜಿನ್ ಎಂದರೆ ಸುಮಾರು 82,000 ವಾಟ್. ಅದರಲ್ಲಿ ಸದ್ದಿನ ಪಾಲು ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ! ಹಾಗಾಗಿ ಸದ್ದಿನಿಂದ ಬಲವನ್ನು ಅಳೆಯಲಾಗದು. ಇದೇ ಲೆಕ್ಕ ಎದುರಾಳಿಗಳಿಗೂ ಉತ್ತರ. 'ಸದ್ದು ಮಾಡುವ ಇಂಜಿನ್ ಡೀಸೆಲ್ಲನ್ನು ಸದ್ದಿಗೇ ಖರ್ಚು ಮಾಡುತ್ತದೆ' ಎಂಬುದೂ ಸುಳ್ಳು. ಡೀಸೆಲ್ಲಿನ ಶಕ್ತಿ ಪೋಲಾಗುವುದು ಹೆಚ್ಚಾಗಿ ಶಾಖದಲ್ಲಿ.

ಎರಡನೆಯದು: 'ಆಗಿನ ಬಸ್ಸಿನ ಸದ್ದು ಮೂರು ಮೈಲಿ ದೂರಕ್ಕೆ ಕೇಳುತ್ತಿತ್ತು, ಈಗಿನದಕ್ಕೆ ಆ ತಾಕತ್ತಿಲ್ಲ.' ಮಿಡಿಗೇಶಿಯ ಕಡೆಯ ಹಿರಿಯರೂ ಇದನ್ನು ಹೇಳುತ್ತಾರೆ. ನಾನೂ ಬಾಲ್ಯದಲ್ಲಿ ಕೇಳಿದ್ದೇನೆ. ಬೆಳಗಿನ ಮೊದಲ ಬಸ್ಸು ಇನ್ನೂ ಬಯಲಿನ ಆಚೆ ಇರುವಾಗಲೇ ಸದ್ದು ಬರುತ್ತಿತ್ತು. ಅವ್ವ ತಟ್ಟೆಗೆ ಮುದ್ದೆ ಹಾಕುತ್ತಿದ್ದರು. ಅನುಭವ ನಿಜ. ಕಾರಣ ಮಾತ್ರ ಇಂಜಿನ್ನಲ್ಲ, ಗಾಳಿ.

ಗಾಳಿಯ ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಹೆಚ್ಚುತ್ತದೆ. ಪಾವಗಡದಂಥ ಒಣ ಬಯಲಿನಲ್ಲಿ ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿ ತಂಪು, ಮೇಲಿನದು ಬೆಚ್ಚಗೆ. ಮೇಲಕ್ಕೆ ಹೊರಟ ಧ್ವನಿ ಮೇಲಿನ ಬೆಚ್ಚನೆಯ ಪದರದಲ್ಲಿ ವೇಗ ಪಡೆದು ಬಾಗಿ ಮತ್ತೆ ನೆಲದ ಕಡೆ ಬರುತ್ತದೆ. ಇದು ಧ್ವನಿಯ ವಕ್ರೀಭವನ. ನಡುಹಗಲಿನಲ್ಲಿ ಇದರ ತಿರುವುಮುರುವು: ನೆಲದ ಗಾಳಿ ಬಿಸಿ, ಧ್ವನಿ ಮೇಲಕ್ಕೆ ಬಾಗಿ ಹೋಗುತ್ತದೆ. ಅದೇ ಬಸ್ಸು ಮಧ್ಯಾಹ್ನ ಅರ್ಧ ಕಿಲೋಮೀಟರಿಗೆ ಬಂದರೂ ಕೇಳದೆ ಹೋಗಬಹುದು. ಇದರ ಜೊತೆಗೆ ಹೆಚ್ಚು ಆವೃತ್ತಿಯ ಸದ್ದನ್ನು ಗಾಳಿ ಬೇಗ ಹೀರಿಕೊಳ್ಳುತ್ತದೆ. ದೂರದಿಂದ ನಮಗೆ ತಲುಪುವುದು ಬರೀ ಗುಡುಗುಡು. ಇನ್ನೊಂದು ಮಾತು: ಆಗ ಬೆಳಗಿನ ಜಾವ ಬೇರೆ ಸದ್ದೇ ಇರಲಿಲ್ಲ. ಈಗ ರಸ್ತೆಯಲ್ಲಿ ಬೈಕು, ಟ್ರ್ಯಾಕ್ಟರು, ಲಾರಿ ಎಲ್ಲ ಇವೆ. ಬಸ್ಸಿನ ದಮ್ಮು ಕಡಿಮೆಯಾಗಿಲ್ಲ. ನಮ್ಮ ಸುತ್ತಿನ ಮೌನ ಕಡಿಮೆಯಾಗಿದೆ.

ಮೂರನೆಯದು: 'ಮೊಬೈಲಿನಲ್ಲಿ ಹಿಡಿದಿಟ್ಟಿದ್ದೇನೆ, ಆ ಸದ್ದು ಉಳಿಯಿತು.' ಇದು ಎಲ್ಲಕ್ಕಿಂತ ಮುಖ್ಯವಾದ ತಪ್ಪು. ಫೋನು ಮಾತಿಗಾಗಿ ಮಾಡಿದ ಸಾಧನ. ಅದರ ಪುಟ್ಟ ಸ್ಪೀಕರು ಕೆಲವು ನೂರು ಹರ್ಟ್ಸ್‌ಗಿಂತ ಕೆಳಗಿನ ಸದ್ದನ್ನು ಹೊರಡಿಸಲಾರದು. ಹಾಗಾದರೆ ಅದರಲ್ಲಿ 30 ಹರ್ಟ್ಸಿನ ಗುಡುಗುಡು ನಮಗೆ ಕೇಳುವುದಾದರೂ ಹೇಗೆ? ದಹನದ ಸದ್ದಿನಲ್ಲಿ 30ರ ಜೊತೆಗೆ 60, 90, 120 ಎಂದು ಮೇಲ್ಸ್ವರಗಳ ಸಾಲೇ ಇರುತ್ತದೆ. ಮೇಲಿನ ಸ್ವರಗಳನ್ನು ಕೇಳಿದ ಮಿದುಳು ಅವುಗಳ ನಡುವಿನ ಅಂತರದಿಂದ ಇಲ್ಲದ ಮೂಲ ಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ. ಬಸ್ಸನ್ನು ಹತ್ತಿ ಇಳಿದ ನಮಗೆ ನೆನಪೂ ನೆರವಾಗುತ್ತದೆ. ಬಸ್ಸನ್ನೇ ಕಾಣದ ಮುಂದಿನ ಪೀಳಿಗೆಯ ಕಿವಿಗೆ ಅದು ಬರೀ ಗರಗರ.

ಇನ್ನೊಂದು ತೊಡಕು: ಫೋನು ಸಣ್ಣ ಸದ್ದನ್ನು ಹಿಗ್ಗಿಸಿ, ದೊಡ್ಡ ಸದ್ದನ್ನು ಕುಗ್ಗಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರಲು ನೋಡುತ್ತದೆ. ಬಸ್ಸು ಹತ್ತಿರ ಬರುತ್ತಾ ಸದ್ದು ಏರುವ ಸೊಗಸು ಅಲ್ಲಿಯೇ ಕಳೆದುಹೋಗುತ್ತದೆ. ನನ್ನ ವಿದ್ಯಾರ್ಥಿಯ ನೂರು ತುಣುಕುಗಳಲ್ಲಿ ಒಂದರಲ್ಲೂ ದಿನಾಂಕ, ಸ್ಥಳ, ವಾಹನದ ವರ್ಷ, ದೂರ, ವೇಗ ಬರೆದಿಲ್ಲ. ಗಿಡದ ಎಲೆ ಕಿತ್ತು ಹೆಸರು ಬರೆಯದೆ ಪುಸ್ತಕದಲ್ಲಿ ಇಟ್ಟಂತೆ. ಪ್ರೀತಿಯಿದೆ, ದಾಖಲೆಯಿಲ್ಲ.

ಈ ಕೊರತೆ ನಮ್ಮವರಿಗೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ ಶಾಲಾ ಬಸ್ಸುಗಳಿಗೆ 1939ರಲ್ಲೇ ಸಾಮಾನ್ಯ ಮಾನಕಗಳೂ ಹಳದಿ ಬಣ್ಣವೂ ಬಂದವು. ಅಲ್ಲಿ ಹಳೆಯ ಶಾಲಾ ಬಸ್ಸಿನ ಸದ್ದಿಗೆ ಮನಸೋತವರು ನಮಗಿಂತ ಹೆಚ್ಚು. ಡೆಟ್ರಾಯಿಟ್ ಕಂಪನಿಯ ಎರಡು ಹೊಡೆತದ ಡೀಸೆಲ್ ಇಂಜಿನ್ನಿದ್ದ ಬಸ್ಸುಗಳು 'ಹುಚ್ಚು ವೇಗದಲ್ಲಿ ತಿರುಗುತ್ತವೆ' ಎಂದು ಕೇಳಿದವರಿಗೆ ಅನಿಸುವುದುಂಟು. ನಿಜವೆಂದರೆ ಎರಡು ಹೊಡೆತದ ಇಂಜಿನ್ನಿನಲ್ಲಿ ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರೂ ದಹಿಸುತ್ತದೆ. ನಿಮಿಷಕ್ಕೆ 2000 ಸುತ್ತಿನಲ್ಲಿ ಆರು ಸಿಲಿಂಡರಿನ ನಾಲ್ಕು ಹೊಡೆತದ ಇಂಜಿನ್ 100 ಹರ್ಟ್ಸ್ ಕೊಟ್ಟರೆ ಇದು 200 ಹರ್ಟ್ಸ್ ಕೊಡುತ್ತದೆ. ವೇಗ ಒಂದೇ, ಸ್ವರ ಮಾತ್ರ ಒಂದು ಸ್ಥಾಯಿ ಮೇಲೆ. ಕಿವಿ ಸರಿಯಾಗಿ ಕೇಳಿದರೂ ಮನಸ್ಸು ತಪ್ಪು ಅರ್ಥ ಮಾಡಿಕೊಳ್ಳುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಅದೇ ಸದ್ದು, ಇನ್ನೊಬ್ಬರ ಕಿವಿ

ನಮ್ಮ ಊರಿನಲ್ಲಿ ನಿವೃತ್ತ ಡ್ರೈವರೊಬ್ಬರಿದ್ದಾರೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಸ್ಸು ಓಡಿಸಿದವರು. ನನ್ನ ವಿದ್ಯಾರ್ಥಿಯನ್ನು ಒಂದು ಭಾನುವಾರ ಅವರಲ್ಲಿಗೆ ಕರೆದುಕೊಂಡು ಹೋದೆ. ದೊಡ್ಡ ಸ್ಪೀಕರಿಗೆ ಫೋನು ಜೋಡಿಸಿ, ಅವನಿಗೆ ಅತ್ಯಂತ ಪ್ರಿಯವಾದ ತುಣುಕನ್ನು ಹಾಕಿದ. "ತಾತ, ಬ್ರೇಕ್ ಬಿಟ್ಟಾಗ ಗಾಳಿ ಬರೋದು ಕೇಳಿ, ಆಮೇಲೆ ಕಂಡಕ್ಟರ್ ಸೀಟಿ" ಎಂದ. ಅವರು ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿದರು. "ಇಂಜಿನ್ನು ಗುಡುಗುಡು ಅಂತದೆ ಕಣಪ್ಪ. ಗಾಳಿ ಎಲ್ಲಿ ಬಂತು? ಸೀಟಿ ಎಲ್ಲಿ ಊದಿದ?" ಎಂದರು. ಹುಡುಗ ಮತ್ತೆ ಹಾಕಿದ. ನಮ್ಮಿಬ್ಬರಿಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಅವರಿಗೆ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೆ, ಮನೇಲಿ ಮೊಮ್ಮಗಳು ಮಾತಾಡಿದ್ರೂ ಹಿಂಗೇಯ. ಮಾತು ಬರ್ತದೆ, ಅಕ್ಷರ ಬರಲ್ಲ" ಎಂದರು.

ಈ ಮಾತನ್ನು ವಿಜ್ಞಾನ ಚೆನ್ನಾಗಿ ಬಲ್ಲದು. ಬಹುಕಾಲದ ಗದ್ದಲದಿಂದ ಹಾನಿಯಾಗುವಾಗ ಕಿವಿ ಮೊದಲು ಕಳೆದುಕೊಳ್ಳುವುದು 3000ದಿಂದ 6000 ಹರ್ಟ್ಸ್ ನಡುವಿನ ಸದ್ದುಗಳನ್ನು. ಒಳಗಿವಿಯ ಸುರುಳಿಯಲ್ಲಿರುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಾತಿನಲ್ಲಿ ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಹೆಚ್ಚು ಆವೃತ್ತಿಗಳಲ್ಲಿದೆ. ಸ್ವರಗಳ ಬಲ ಕಡಿಮೆ ಆವೃತ್ತಿಗಳಲ್ಲಿದೆ. ಹಾಗಾಗಿ 'ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ'. ವಯಸ್ಸಿನಿಂದಲೂ ಇದೇ ರೀತಿಯ ನಷ್ಟ ಆಗುತ್ತದೆ. ಅವರ ಕಿವುಡಿನಲ್ಲಿ ವಯಸ್ಸಿನ ಪಾಲೆಷ್ಟು, ಬಸ್ಸಿನ ಪಾಲೆಷ್ಟು ಎಂದು ಒಬ್ಬರನ್ನು ನೋಡಿ ಹೇಳಲಾಗದು. ಆದರೆ ಹಳೆಯ ಬಸ್ಸಿನಲ್ಲಿ ಇಂಜಿನ್ ಇದ್ದದ್ದು ಡ್ರೈವರಿನ ಎಡಕ್ಕೆ, ಒಂದು ಬಾನೆಟ್ಟಿನ ತಗಡಿನ ಆಚೆ, ಕೈಗೆಟಕುವಷ್ಟು ಹತ್ತಿರದಲ್ಲಿ. ಜಾಗವಿಲ್ಲದ ದಿನ ಆ ಬಾನೆಟ್ ಮೇಲೆ ಮಕ್ಕಳನ್ನೂ ಕೂರಿಸುತ್ತಿದ್ದರು.

ಗದ್ದಲದ ಸುರಕ್ಷಿತ ಮಿತಿಯ ಬಗ್ಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯ ಸಲಹೆ ಸರಳವಾಗಿದೆ. 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದು ಗಂಟೆ. ಪ್ರಯಾಣಿಕ ಒಂದು ಗಂಟೆಯ ಬಳಿಕ ಇಳಿದು ಹೋಗುತ್ತಾನೆ. ಹವ್ಯಾಸಿ ಎರಡು ನಿಮಿಷ ಧ್ವನಿಮುದ್ರಿಸಿ ಹೋಗುತ್ತಾನೆ. ದಿನವಿಡೀ ಅಲ್ಲಿಯೇ ಕುಳಿತವನ ಕಿವಿಯನ್ನು ಬಿಟ್ಟು ಸದ್ದಿನ ಸೊಗಸನ್ನು ಹೊಗಳುವುದು ಅರ್ಧ ಮಾತಾಗುತ್ತದೆ.

ಶಾಲೆಯ ಬಾಗಿಲಿಗೂ ಇದೇ ಮಾತು. 2000ದ ಶಬ್ದಮಾಲಿನ್ಯ ನಿಯಮಗಳು ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರಿನವರೆಗೆ ನಿಶ್ಶಬ್ದ ವಲಯಕ್ಕೆ ಅವಕಾಶ ಕೊಟ್ಟಿವೆ. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್, ರಾತ್ರಿಯದು 40. ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮ ಒಂದರ ಹಿಂದೆ ಒಂದು ಸ್ವರ ಹೊರಡಿಸುವ ಹಾರ್ನು, ಕರ್ಕಶ ಹಾರ್ನುಗಳನ್ನು ನಿಷೇಧಿಸಿದೆ. ಹವ್ಯಾಸಿಗಳ ಸಂಗ್ರಹದಲ್ಲಿ ಅತಿ ಹೆಚ್ಚು ಮೆಚ್ಚುಗೆ ಇರುವುದು ಇಂಥ ಹಾಡುವ ಹಾರ್ನುಗಳಿಗೇ! ಇಂಜಿನ್ನಿನ ಸದ್ದು ಕೆಲಸದ ಜೊತೆ ಬರುವ ಸದ್ದು. ಹಾಡುವ ಹಾರ್ನು ಬೇಕೆಂದೇ ಮಾಡುವ ಸದ್ದು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಶಾಲೆಯ ಗೇಟಿನ ಮುಂದೆ ಇಂಜಿನ್ ಆರಿಸದೆ ನಿಂತ ಬಸ್ಸಿನಿಂದ ಸದ್ದಿನ ಜೊತೆ ಹೊಗೆಯೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಹೋಗುತ್ತಿರುವ ಸದ್ದು

ಹಾಗಾದರೆ ಹಳೆಯ ಸದ್ದು ಹೋದರೆ ಒಳ್ಳೆಯದೇ ಆಯಿತಲ್ಲ ಎನ್ನಬಹುದು. ರಸ್ತೆಯಿಂದ ಹೋಗಲಿ, ದಾಖಲೆಯಿಂದ ಹೋಗಬಾರದು.

ಆಗಿನ ಮೈಸೂರು ರಾಜ್ಯದಲ್ಲಿ ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರ ಆಗಸ್ಟ್ 1ರಂದು ನಿಗಮವಾಯಿತು. ಅಂದಿನ ಬಸ್ಸುಗಳ ರಬ್ಬರ್ ಬುರುಡೆಯ 'ಪೋಂ ಪೋಂ' ಹಾರ್ನನ್ನು ನೆನಪಿನಿಂದ ಹೇಳುವವರು ಈಗಲೂ ಸಿಗುತ್ತಾರೆ. ಅದನ್ನು ಅಳತೆಯ ಸಮೇತ ಹಿಡಿದಿಟ್ಟ ಧ್ವನಿಮುದ್ರಣ ನಮ್ಮ ಶಾಲೆಗಳಲ್ಲಿ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ಬದಲಾವಣೆ ಇನ್ನೂ ವೇಗವಾಗಿದೆ. 2017ರ ಏಪ್ರಿಲ್ 1ರಿಂದ ದೇಶಾದ್ಯಂತ ಭಾರತ್ ಸ್ಟೇಜ್-4, 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನಕ ಜಾರಿಗೆ ಬಂದವು. ಕಾಮನ್ ರೈಲ್ ವ್ಯವಸ್ಥೆಯ ಇಂಜಿನ್ನಿನಲ್ಲಿ ಕಂಪ್ಯೂಟರು ಮುಖ್ಯ ಚಿಮ್ಮಿಕೆಗೆ ಮುಂಚೆ ಒಂದು ಹನಿಯಷ್ಟು ಇಂಧನವನ್ನು ಚಿಮ್ಮಿಸಿ ಕಿಚ್ಚು ಸಿದ್ಧಮಾಡಿಕೊಳ್ಳುತ್ತದೆ. ಒತ್ತಡ ಥಟ್ಟನೆ ಏರುವುದಿಲ್ಲ, ಕಟಕಟ ಮಾಯ. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ, ಸಾರಿಗೆ ನಿಗಮಗಳ ಬಸ್ಸುಗಳೂ ಸೇರಿದಂತೆ, 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ. ವಿದ್ಯುತ್ ಬಸ್ಸುಗಳಲ್ಲಂತೂ ದಹನವೇ ಇಲ್ಲ. ಅವು ಎಷ್ಟು ನಿಶ್ಶಬ್ದವೆಂದರೆ, ನಿಧಾನವಾಗಿ ಬರುವಾಗ ಪಾದಚಾರಿಗಳಿಗೆ, ಅದರಲ್ಲೂ ಕಣ್ಣು ಕಾಣದವರಿಗೆ ಗೊತ್ತಾಗಲೆಂದು ಬೇಕೆಂದೇ ಸದ್ದು ಕೂಡಿಸುವ ನಿಯಮಗಳು ಹಲವು ದೇಶಗಳಲ್ಲಿ ಬಂದಿವೆ. ಸದ್ದು ಗದ್ದಲವೂ ಹೌದು, ಸುದ್ದಿಯೂ ಹೌದು.

ಶಾಲೆಯಲ್ಲಿ ಏನು ಮಾಡಬಹುದು?

ನಾಲ್ಕು ತಾಲ್ಲೂಕಿನ ವಿಜ್ಞಾನ ಸಂಘಗಳಿಗೆ ಒಂದು ಸಲಹೆ. ಹವ್ಯಾಸಿ ಮಕ್ಕಳನ್ನು ಗದರಿಸಬೇಡಿ, ಕೆಲಸಕ್ಕೆ ಹಚ್ಚಿ.

ಒಂದು: ವಾಹನ ಸಾಗುವ ಸದ್ದನ್ನು ಅಳೆಯುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮೈಕ್ರೊಫೋನು ವಾಹನದ ಪಥದ ನಡುಗೆರೆಯಿಂದ 7.5 ಮೀಟರ್ ದೂರ, ನೆಲದಿಂದ 1.2 ಮೀಟರ್ ಎತ್ತರದಲ್ಲಿ ಇರುತ್ತದೆ. ಅದನ್ನೇ ಅನುಸರಿಸಿ. ಶಿಕ್ಷಕರ ಜೊತೆಯಲ್ಲಿ, ರಸ್ತೆಯಿಂದ ಹೊರಗೆ ನಿಂತು ಮಾಡಬೇಕಾದ ಕೆಲಸ ಇದು. ನಿಂತ ಸದ್ದು, ಹೊರಡುವ ಸದ್ದು, ಸಮವೇಗದಲ್ಲಿ ಹಾದುಹೋಗುವ ಸದ್ದು - ಮೂರನ್ನೂ ಹಿಡಿಯಿರಿ.

ಎರಡು: ಪ್ರತಿ ತುಣುಕಿಗೂ ಒಂದು ಚೀಟಿ ಇರಲಿ. ದಿನ, ಹೊತ್ತು, ಊರು, ತಾಪ, ವಾಹನದ ತಯಾರಕರು, ವರ್ಷ, ಸಿಲಿಂಡರುಗಳ ಸಂಖ್ಯೆ, ಫೋನಿನ ಮಾದರಿ ಬರೆಯಿರಿ.

ಮೂರು: ಧ್ವನಿಯ ಆವೃತ್ತಿಗಳನ್ನು ಗೆರೆಗಳಾಗಿ ತೋರಿಸುವ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಮೂಲ ಆವೃತ್ತಿ ಕಾಣದಿದ್ದರೂ ಚಿಂತೆಯಿಲ್ಲ. ಮೇಲ್ಸ್ವರಗಳ ನಡುವಿನ ಅಂತರವನ್ನು ಅಳೆಯಿರಿ. ಸಮನಾಗಿ ಹಬ್ಬಿದ ಬಲವಾದ ಗೆರೆಗಳ ಅಂತರ 36 ಹರ್ಟ್ಸ್ ಬಂದು, ಅದು ಆರು ಸಿಲಿಂಡರಿನ ದಹನದ ಆವೃತ್ತಿಯೇ ಆಗಿದ್ದರೆ, 36ನ್ನು 3ರಿಂದ ಭಾಗಿಸಿ 60ರಿಂದ ಗುಣಿಸಿ. ನಿಮಿಷಕ್ಕೆ 720 ಸುತ್ತು! ಇಂಜಿನ್ನನ್ನು ಮುಟ್ಟದೆ ಅದರ ವೇಗ ಅಳೆದಿರಿ.

ನಾಲ್ಕು: ಹಾದುಹೋಗುವ ಬಸ್ಸಿನ ಹಾರ್ನಿನಲ್ಲಿ ಡಾಪ್ಲರ್ ಪರಿಣಾಮ ನೋಡಿ. ಕ್ರಿಶ್ಚಿಯನ್ ಡಾಪ್ಲರ್ ಇದನ್ನು ಹೇಳಿದ್ದು 1842ರಲ್ಲಿ. ಬೈಸ್ ಬ್ಯಾಲೊ 1845ರಲ್ಲಿ ನೆದರ್ಲೆಂಡ್ಸಿನಲ್ಲಿ ರೈಲಿನ ಮೇಲೆ ತುತ್ತೂರಿಯವರನ್ನು ಕೂರಿಸಿ ಪರೀಕ್ಷಿಸಿದ. ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸಿನ 400 ಹರ್ಟ್ಸ್ ಹಾರ್ನು ಬರುವಾಗ ಸುಮಾರು 421, ಹೋಗುವಾಗ ಸುಮಾರು 381 ಹರ್ಟ್ಸ್ ಕೇಳುತ್ತದೆ. ಸಂಗೀತ ಬಲ್ಲ ವಿದ್ಯಾರ್ಥಿ ಇದು ಚತುಶ್ರುತಿ ರಿಷಭದಿಂದ ಷಡ್ಜಕ್ಕೆ ಇಳಿದುದಕ್ಕಿಂತ ಸ್ವಲ್ಪ ಕಡಿಮೆ ಎಂದು ಹೇಳಬಲ್ಲ.

ಐದು: ಡ್ರೈವರು, ಮೆಕ್ಯಾನಿಕ್ಕು, ಕಂಡಕ್ಟರುಗಳ ಮಾತನ್ನೂ ಧ್ವನಿಮುದ್ರಿಸಿ. ಯಾವ ಸದ್ದಿಗೆ ಅವರು ಯಾವ ಪದ ಬಳಸುತ್ತಿದ್ದರು, ಯಾವ ಸದ್ದು ಕೇಳಿದರೆ ಗಾಡಿ ನಿಲ್ಲಿಸುತ್ತಿದ್ದರು ಎಂದು ಕೇಳಿ. ಕೊನೆಯಲ್ಲಿ, ಈಗ ಅವರಿಗೆ ಏನು ಕೇಳಿಸುತ್ತದೆ ಎಂದೂ ಕೇಳಿ. ಕಷ್ಟವಿದೆ ಎಂದರೆ ಕಿವಿ ಪರೀಕ್ಷೆಗೆ ಹೋಗಲು ಹೇಳಿ.

ನನ್ನ ವಿದ್ಯಾರ್ಥಿ ಆ ಭಾನುವಾರದ ಮೇಲೆ ಒಂದು ನೋಟ್ ಪುಸ್ತಕ ಮಾಡಿಕೊಂಡಿದ್ದಾನೆ. ಮೊದಲ ಪುಟದಲ್ಲಿ ನಿವೃತ್ತ ಡ್ರೈವರು ಕೇಳಿಸಿಕೊಂಡ ಸದ್ದುಗಳು ಒಂದು ಸಾಲಿನಲ್ಲಿ, ಕೇಳಿಸದ ಸದ್ದುಗಳು ಇನ್ನೊಂದು ಸಾಲಿನಲ್ಲಿ ಇವೆ, ಎದುರಿಗೆ ಆವೃತ್ತಿ. ಮೊದಲ ಸಾಲಿನಲ್ಲಿ ಎಲ್ಲವೂ 1000 ಹರ್ಟ್ಸಿನ ಕೆಳಗಿವೆ. 'ದಮ್ಮು' ಎಂಬ ಪದವನ್ನು ಅವನು ಇನ್ನೂ ಬಿಟ್ಟಿಲ್ಲ. ಆದರೆ ಅದರ ಮುಂದೆ ಈಗ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾನೆ. ವಿಜ್ಞಾನದ ಮೇಷ್ಟರಿಗೆ ಸದ್ಯಕ್ಕೆ ಅಷ್ಟು ಸಾಕು.